ಥೀಮ್ ಪಾರ್ಕ್‌ನಲ್ಲಿ ಮೊಬೈಲ್ ಕೈಕೊಟ್ಟರೆ ಏನು ಮಾಡುವುದು?

ರಜೆ ಬಂತೆಂದರೆ ಪ್ರವಾಸದ ಮಾತು ಎಲ್ಲ ಮನೆಗಳಲ್ಲೂ ಕೇಳಿಬರುತ್ತದೆ. ಶಾಲೆಗಳು, ಯುವಜನರ ಸಂಘಟನೆಗಳು ಬಸ್ಸು ಮಾಡಿಕೊಂಡು ಬಿಡದಿಯ ವಂಡರ್‌ಲಾಗೆ ಹೊರಡುತ್ತವೆ. ಕರಾವಳಿಯ ಅನೇಕ ಕುಟುಂಬಗಳ ಮಕ್ಕಳು ಅಮೆರಿಕದಲ್ಲಿ ನೆಲೆಸಿರುವುದರಿಂದ, ಅವರನ್ನು ನೋಡಲು ಹೋದ ಹಿರಿಯರು ಮೊಮ್ಮಕ್ಕಳ ಜೊತೆ ಫ್ಲೋರಿಡಾದ ಡಿಸ್ನಿ ವರ್ಲ್ಡ್‌ಗೆ ಹೋಗಿ ಬರುವುದೂ ಇಂದು ಅಪರೂಪದ ಸಂಗತಿಯಲ್ಲ. ಇಂತಹ ಪ್ರವಾಸಗಳಲ್ಲಿ ಟಿಕೆಟ್, ಹಣ, ನಕ್ಷೆ, ಕ್ಯಾಮೆರಾ, ಬೇರೆಯಾದವರನ್ನು ಹುಡುಕುವ ದಾರಿ ಎಲ್ಲವೂ ಈಗ ಒಂದೇ ಮೊಬೈಲ್‌ನೊಳಗೆ ಸೇರಿಕೊಂಡಿವೆ. ಅನುಕೂಲವೇನೋ ಹೌದು. ಆದರೆ ಮಧ್ಯಾಹ್ನ ಮೂರು ಗಂಟೆಗೆ ಆ ಮೊಬೈಲ್‌ನ ಬ್ಯಾಟರಿ ಮುಗಿದರೆ, ಅಥವಾ ಜನಜಂಗುಳಿಯ ಮಧ್ಯೆ ನೆಟ್‌ವರ್ಕ್ ಸಿಗದೆ ಹೋದರೆ, ಇವೆಲ್ಲವೂ ಒಟ್ಟಿಗೇ ನಿಂತು ಹೋಗುತ್ತವೆ. ಫೋಟೊ ತೆಗೆಯಲಾಗದಿದ್ದರೆ ದೊಡ್ಡ ನಷ್ಟವೇನಿಲ್ಲ. ಗುಂಪಿನಿಂದ ತಪ್ಪಿಹೋದ ಮಗುವನ್ನು ಅಥವಾ ವಯಸ್ಸಾದ ತಾಯಿಯನ್ನು ಸಂಪರ್ಕಿಸಲಾಗದಿದ್ದರೆ ಅದು ಗಂಭೀರ ವಿಷಯ.

ಬ್ಯಾಟರಿ ಇಂತಹ ಸ್ಥಳಗಳಲ್ಲಿ ಏಕೆ ಬೇಗ ಮುಗಿಯುತ್ತದೆ, ಉಚಿತ ವೈ-ಫೈ ಏಕೆ ಕೈಕೊಡುತ್ತದೆ ಎಂಬುದನ್ನು ತಿಳಿದುಕೊಂಡರೆ ಮುಂಚಿತವಾಗಿ ತಯಾರಾಗುವುದು ಕಷ್ಟವಲ್ಲ.

ಕಾಗದದ ಚೀಟಿಯಿಂದ ಮೊಬೈಲ್‌ವರೆಗೆ

ಫ್ಲೋರಿಡಾದ ಒರ್ಲಾಂಡೊ ನಗರದ ಬಳಿಯಿರುವ ವಾಲ್ಟ್ ಡಿಸ್ನಿ ವರ್ಲ್ಡ್ 1971ರ ಅಕ್ಟೋಬರ್ 1ರಂದು ಆರಂಭವಾಯಿತು. ಮೊದಲು ಮ್ಯಾಜಿಕ್ ಕಿಂಗ್‌ಡಮ್ ಒಂದೇ ಇತ್ತು. ಬಳಿಕ 1982ರಲ್ಲಿ ಎಪ್ಕಾಟ್, 1989ರಲ್ಲಿ ಇಂದು ಹಾಲಿವುಡ್ ಸ್ಟುಡಿಯೋಸ್ ಎಂದು ಕರೆಯಲ್ಪಡುವ ಪಾರ್ಕ್, 1998ರಲ್ಲಿ ಅನಿಮಲ್ ಕಿಂಗ್‌ಡಮ್ ಸೇರಿಕೊಂಡು ಒಟ್ಟು ನಾಲ್ಕು ಥೀಮ್ ಪಾರ್ಕ್‌ಗಳಾದವು. ಬಹುಕಾಲ ಇಲ್ಲಿ ಎಲ್ಲವೂ ಕಾಗದದಲ್ಲೇ ನಡೆಯುತ್ತಿತ್ತು. 1999ರಲ್ಲಿ ಬಂದ ಫಾಸ್ಟ್‌ಪಾಸ್ ಎಂಬ ವ್ಯವಸ್ಥೆಯೂ ಕಾಗದದ ಚೀಟಿಯೇ ಆಗಿತ್ತು. ಯಂತ್ರದಲ್ಲಿ ಟಿಕೆಟ್ ತೂರಿಸಿದರೆ ಚೀಟಿ ಬರುತ್ತಿತ್ತು. ಅದರಲ್ಲಿ ನಮೂದಿಸಿದ ಸಮಯಕ್ಕೆ ಹೋದರೆ ಉದ್ದದ ಸಾಲಿನಲ್ಲಿ ನಿಲ್ಲಬೇಕಾಗಿರಲಿಲ್ಲ.

ಬದಲಾವಣೆ ಆರಂಭವಾದದ್ದು 2012ರ ಬಳಿಕ. ಆ ವರ್ಷ ಪಾರ್ಕ್‌ಗಳಲ್ಲಿ ಉಚಿತ ವೈ-ಫೈ ಬಂತು. 2013ರಿಂದ ಮ್ಯಾಜಿಕ್‌ಬ್ಯಾಂಡ್ ಎಂಬ ಕೈಪಟ್ಟಿ, 2014ರಲ್ಲಿ ಮೊಬೈಲ್ ಮೂಲಕವೇ ಆಟಗಳಿಗೆ ಸಮಯ ಕಾದಿರಿಸುವ ಫಾಸ್ಟ್‌ಪಾಸ್ ಪ್ಲಸ್, 2017ರಿಂದ ಊಟವನ್ನು ಮೊಬೈಲ್‌ನಲ್ಲೇ ಆರ್ಡರ್ ಮಾಡುವ ಅವಕಾಶ ಬಂದವು. 2021ರ ಅಕ್ಟೋಬರ್‌ನಲ್ಲಿ ಜೀನಿ ಪ್ಲಸ್ ಎಂಬ ಹಣ ಕೊಟ್ಟು ಪಡೆಯುವ ಸೇವೆ ಬಂತು. 2024ರ ಜುಲೈಯಲ್ಲಿ ಅದರ ಬದಲಿಗೆ ಲೈಟ್ನಿಂಗ್ ಲೇನ್ ಮಲ್ಟಿ ಪಾಸ್ ಜಾರಿಯಾಯಿತು. ಇದರಲ್ಲಿ ಡಿಸ್ನಿಯ ಹೋಟೆಲುಗಳಲ್ಲಿ ತಂಗುವವರು 7 ದಿನ ಮುಂಚಿತವಾಗಿ, ಇತರರು 3 ದಿನ ಮುಂಚಿತವಾಗಿ ಮೊದಲ ಆಟಗಳನ್ನು ಕಾದಿರಿಸಬಹುದು. ಅವುಗಳಲ್ಲಿ ಒಂದು ಮುಗಿದ ಬಳಿಕ ಮುಂದಿನದನ್ನು ಪಾರ್ಕ್‌ನೊಳಗೆ ನಿಂತೇ ಮೊಬೈಲ್‌ನಲ್ಲಿ ಕಾದಿರಿಸಬೇಕು.

ಇದರ ಪರಿಣಾಮವನ್ನು ಗಮನಿಸಿ. ಒಂದು ಕಾಲದಲ್ಲಿ ಕಿಸೆಯಲ್ಲಿದ್ದ ಚೀಟಿಗೆ ಚಾರ್ಜ್ ಬೇಕಾಗಿರಲಿಲ್ಲ. ಇಂದು ಹಣ ಕೊಟ್ಟು ಪಡೆದ ಸೌಲಭ್ಯವನ್ನು ಬಳಸಬೇಕಾದರೂ ದಿನವಿಡೀ ಮೊಬೈಲ್ ತೆರೆದು ನೋಡುತ್ತಿರಬೇಕು. ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ 12 ಗಂಟೆಗಳ ಕಾಲ ಬ್ಯಾಟರಿ ಬಾಳಬೇಕು.

ಬ್ಯಾಟರಿ ಎಲ್ಲಿ ಖರ್ಚಾಗುತ್ತದೆ?

ಇಂದಿನ ಮೊಬೈಲ್‌ಗಳಲ್ಲಿರುವುದು ಲಿಥಿಯಂ ಅಯಾನ್ ಬ್ಯಾಟರಿ. ಸೋನಿ ಕಂಪನಿಯು 1991ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಸಾಮಾನ್ಯವಾಗಿ ಕಾಣುವ 5,000 ಎಂಎಎಚ್ ಬ್ಯಾಟರಿಯಲ್ಲಿ ಸುಮಾರು 19 ವ್ಯಾಟ್ ಗಂಟೆಗಳಷ್ಟು ಶಕ್ತಿ ಇರುತ್ತದೆ. ಮನೆಯಲ್ಲಿ ಇದು ಇಡೀ ದಿನಕ್ಕೆ ಸಾಕಾಗುತ್ತದೆ. ಅದೇ ಮೊಬೈಲ್ ಪಾರ್ಕ್‌ನಲ್ಲಿ ಮಧ್ಯಾಹ್ನಕ್ಕೇ ಸೋಲುವುದಕ್ಕೆ ಐದು ಮುಖ್ಯ ಕಾರಣಗಳಿವೆ.

ಮೊದಲನೆಯದು ಪರದೆ. ಬಿಸಿಲಿನಲ್ಲಿ ಅಕ್ಷರ ಕಾಣಬೇಕಾದರೆ ಮೊಬೈಲ್ ತನ್ನ ಬೆಳಕನ್ನು ಗರಿಷ್ಠ ಮಟ್ಟಕ್ಕೆ ಏರಿಸುತ್ತದೆ. ಮನೆಯೊಳಗೆ ಬೇಕಾಗುವ ಬೆಳಕಿಗಿಂತ ಇದು ಎಷ್ಟೋ ಪಟ್ಟು ಹೆಚ್ಚು.

ಎರಡನೆಯದು ದುರ್ಬಲ ನೆಟ್‌ವರ್ಕ್. ಟವರ್ ಹತ್ತಿರವಿದ್ದಾಗ ಮೊಬೈಲ್ ಮೆಲ್ಲನೆ ಮಾತನಾಡಿದರೆ ಸಾಕು. ದೂರವಾದಾಗ ಅಥವಾ ಗೋಡೆ, ಕಬ್ಬಿಣದ ಕಟ್ಟಡಗಳು ಅಡ್ಡ ಬಂದಾಗ ಅದು ಕೂಗಿ ಹೇಳಬೇಕಾಗುತ್ತದೆ. ಸಾಮಾನ್ಯ 4ಜಿ ಮೊಬೈಲ್ ಗರಿಷ್ಠ 200 ಮಿಲಿವ್ಯಾಟ್ ಶಕ್ತಿಯಲ್ಲಿ ಪ್ರಸಾರ ಮಾಡುತ್ತದೆ. ಟವರ್ ಸಮೀಪವಿದ್ದರೆ ಅದರ ನೂರನೆಯ ಒಂದು ಪಾಲಿಗಿಂತಲೂ ಕಡಿಮೆ ಸಾಕು. ನೆಟ್‌ವರ್ಕ್ ಸಿಗದಿದ್ದಾಗ ಮೊಬೈಲ್ ಸುಮ್ಮನಿರುವುದಿಲ್ಲ, ಮತ್ತೆ ಮತ್ತೆ ಹುಡುಕುತ್ತದೆ. ಆದ್ದರಿಂದ ಕಿಸೆಯಲ್ಲೇ ಇದ್ದ, ಯಾರೂ ಮುಟ್ಟದ ಮೊಬೈಲ್‌ನ ಬ್ಯಾಟರಿಯೂ ಇಳಿದಿರುತ್ತದೆ.

ಮೂರನೆಯದು ಆಪ್ ಮತ್ತು ನಕ್ಷೆ. ನಾವು ಎಲ್ಲಿದ್ದೇವೆ ಎಂದು ಜಿಪಿಎಸ್ ಮೂಲಕ ತಿಳಿಯುವುದು, ಬ್ಲೂಟೂತ್, ಮೊಬೈಲ್ ಡೇಟಾ ಎಲ್ಲವೂ ಒಂದೇ ಸಮಯದಲ್ಲಿ ನಡೆಯುತ್ತಿರುತ್ತವೆ. ನಾಲ್ಕನೆಯದು ಕ್ಯಾಮೆರಾ. ಅದರಲ್ಲೂ ವಿಡಿಯೊ ತೆಗೆಯುವಾಗ ಪರದೆ, ಕ್ಯಾಮೆರಾ, ಸಂಸ್ಕರಣೆ ಮೂರೂ ಒಟ್ಟಿಗೆ ಕೆಲಸ ಮಾಡುತ್ತವೆ. ತೆಗೆದ ಫೋಟೊಗಳು ತಾವಾಗಿಯೇ ಇಂಟರ್‌ನೆಟ್‌ಗೆ ಏರುತ್ತಿದ್ದರೆ ಖರ್ಚು ಇನ್ನೂ ಹೆಚ್ಚು.

ಐದನೆಯದು ಸೆಕೆ. ಐಫೋನನ್ನು 0ಯಿಂದ 35 ಡಿಗ್ರಿ ಸೆಲ್ಸಿಯಸ್ ಒಳಗಿನ ವಾತಾವರಣದಲ್ಲಿ ಬಳಸಬೇಕೆಂದು ಆಪಲ್ ಕಂಪನಿ ಸೂಚಿಸುತ್ತದೆ. ಒರ್ಲಾಂಡೊದ ಬೇಸಿಗೆಯಲ್ಲಿ ಹಗಲಿನ ಉಷ್ಣತೆ 32 ಡಿಗ್ರಿ ದಾಟುವುದು ಸಾಮಾನ್ಯ. ನಮ್ಮ ಕರಾವಳಿಯ ಏಪ್ರಿಲ್, ಮೇ ತಿಂಗಳ ಸೆಕೆಯೂ ಇದಕ್ಕೆ ಕಡಿಮೆಯಿಲ್ಲ. ಬಿಸಿಲಿಗೆ ಹಿಡಿದ ಮೊಬೈಲ್‌ನ ಒಳಗಿನ ಉಷ್ಣತೆ ಇನ್ನೂ ಮೇಲೇರುತ್ತದೆ. ಆಗ ಮೊಬೈಲ್ ತನ್ನನ್ನು ರಕ್ಷಿಸಿಕೊಳ್ಳಲು ಪರದೆಯನ್ನು ಮಂಕಾಗಿಸುತ್ತದೆ, ಚಾರ್ಜ್ ಆಗುವುದನ್ನು ನಿಲ್ಲಿಸುತ್ತದೆ, ಕೆಲವೊಮ್ಮೆ ಆಫ್ ಕೂಡ ಆಗುತ್ತದೆ.

ಇವುಗಳ ಜೊತೆಗೆ ಬ್ಯಾಟರಿಯ ವಯಸ್ಸನ್ನೂ ಗಮನಿಸಬೇಕು. ಬಹುತೇಕ ಮೊಬೈಲ್ ಬ್ಯಾಟರಿಗಳು ಕೆಲವು ನೂರು ಸಲ ಪೂರ್ಣ ಚಾರ್ಜ್ ಆದ ಬಳಿಕ ಮೊದಲಿನಷ್ಟು ಶಕ್ತಿ ಹಿಡಿದಿಡುವುದಿಲ್ಲ. ಹಳೆಯ ಬ್ಯಾಟರಿ 15 ಅಥವಾ 20 ಶೇಕಡಾ ತೋರಿಸುತ್ತಿರುವಾಗಲೇ, ಕ್ಯಾಮೆರಾ ತೆರೆದ ಕೂಡಲೇ ಆಫ್ ಆಗುವುದನ್ನು ಅನೇಕರು ಕಂಡಿರಬಹುದು. ಒಮ್ಮೆಗೇ ಹೆಚ್ಚು ಶಕ್ತಿ ಕೊಡುವ ಸಾಮರ್ಥ್ಯ ಅದರಲ್ಲಿ ಉಳಿದಿರುವುದಿಲ್ಲ. ಮನೆಯ ಹಿರಿಯರ ಕೈಯಲ್ಲಿರುವುದು ಹೆಚ್ಚಾಗಿ ಮಕ್ಕಳು ಬಳಸಿ ಬಿಟ್ಟ ಹಳೆಯ ಮೊಬೈಲ್ ಎಂಬುದನ್ನು ಇಲ್ಲಿ ನೆನಪಿಡಬೇಕು.

ಉಚಿತ ವೈ-ಫೈ: ಒಂದೇ ಮೈಕ್, ಸಾವಿರ ಮಂದಿ

ವೈ-ಫೈ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಒಂದು ಸಭೆಯ ಉದಾಹರಣೆಯಿಂದ ಅರ್ಥಮಾಡಿಕೊಳ್ಳಬಹುದು. ಸಭೆಯಲ್ಲಿ ಒಂದೇ ಮೈಕ್ ಇದೆ ಎಂದಿಟ್ಟುಕೊಳ್ಳಿ. ಒಬ್ಬರು ಮಾತನಾಡುವಾಗ ಉಳಿದವರು ಸುಮ್ಮನಿರಬೇಕು. ಇಬ್ಬರು ಒಟ್ಟಿಗೆ ಮಾತನಾಡಿದರೆ ಯಾರದ್ದೂ ಕೇಳಿಸುವುದಿಲ್ಲ, ಇಬ್ಬರೂ ಮತ್ತೊಮ್ಮೆ ಹೇಳಬೇಕು. ಹತ್ತು ಮಂದಿಯಿದ್ದರೆ ಸಭೆ ಸರಾಗವಾಗಿ ಸಾಗುತ್ತದೆ. ಐನೂರು ಮಂದಿ ಮೈಕಿಗಾಗಿ ಕಾದರೆ ಮಾತಿಗಿಂತ ಕಾಯುವುದರಲ್ಲೇ ಹೊತ್ತು ಹೋಗುತ್ತದೆ.

ವೈ-ಫೈಯ ಒಂದು ಚಾನೆಲ್ ಇಂತಹ ಮೈಕ್ ಇದ್ದಂತೆ. ಹಳೆಯ 2.4 ಗಿಗಾಹರ್ಟ್ಸ್ ತರಂಗಗಳಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು ಮೂರು ಮಾತ್ರ. 5 ಗಿಗಾಹರ್ಟ್ಸ್‌ನಲ್ಲಿ ಹೆಚ್ಚು ಚಾನೆಲ್‌ಗಳಿದ್ದರೂ ಅವು ಅಷ್ಟು ದೂರ ತಲುಪುವುದಿಲ್ಲ, ಗೋಡೆಗಳನ್ನು ದಾಟುವುದೂ ಕಷ್ಟ. ದೂರದಲ್ಲಿ ನಿಂತವರ ಮೊಬೈಲ್ ನಿಧಾನವಾಗಿ ಮಾತನಾಡುತ್ತದೆ. ಅದು ಮೈಕನ್ನು ಹೆಚ್ಚು ಹೊತ್ತು ಹಿಡಿದುಕೊಳ್ಳುವುದರಿಂದ ಹತ್ತಿರವಿರುವವರಿಗೂ ತೊಂದರೆ. ವೈ-ಫೈ 6 ಎಂಬ ಹೊಸ ಪೀಳಿಗೆಯ ಉಪಕರಣಗಳು ಏಕಕಾಲಕ್ಕೆ ಹಲವರೊಂದಿಗೆ ವ್ಯವಹರಿಸಬಲ್ಲವು. ಇದರಿಂದ ಪರಿಸ್ಥಿತಿ ಸುಧಾರಿಸಿದೆ. ಆದರೂ ಇರುವುದನ್ನು ಎಲ್ಲರೂ ಹಂಚಿಕೊಳ್ಳಬೇಕು ಎಂಬ ಮೂಲ ಸಂಗತಿ ಬದಲಾಗಿಲ್ಲ.

ಥೀಮ್ ಪಾರ್ಕ್‌ನಲ್ಲಿ ಇನ್ನೂ ಕೆಲವು ಅಡಚಣೆಗಳಿವೆ. ಮನುಷ್ಯನ ದೇಹದಲ್ಲಿ ನೀರಿನಂಶ ಹೆಚ್ಚು, ಅದು ಈ ತರಂಗಗಳನ್ನು ಹೀರಿಕೊಳ್ಳುತ್ತದೆ. ಅಂದರೆ ಜನಜಂಗುಳಿಯೇ ಒಂದು ಗೋಡೆಯಾಗುತ್ತದೆ. ದೊಡ್ಡ ಆಟಗಳ ಉಕ್ಕಿನ ಕಂಬಗಳು ತರಂಗಗಳನ್ನು ಹಿಂದಕ್ಕೆ ತಳ್ಳುತ್ತವೆ. ಜನರು ನಡೆಯುತ್ತಲೇ ಇರುವುದರಿಂದ ಮೊಬೈಲ್ ಒಂದು ವೈ-ಫೈ ಪೆಟ್ಟಿಗೆಯನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತಿರಬೇಕು. ಎಷ್ಟೋ ಮೊಬೈಲ್‌ಗಳು ದೂರವಾದ ಹಳೆಯ ಪೆಟ್ಟಿಗೆಯನ್ನೇ ಬಿಡದೆ ಹಿಡಿದುಕೊಂಡಿರುತ್ತವೆ.

"ಮೂರು ಕಡ್ಡಿ ತೋರಿಸುತ್ತದೆ, ಆದರೂ ಏನೂ ತೆರೆಯುವುದಿಲ್ಲ" ಎಂಬ ದೂರು ಸಾಮಾನ್ಯ. ಆ ಕಡ್ಡಿಗಳು ತೋರಿಸುವುದು ವೈ-ಫೈ ಪೆಟ್ಟಿಗೆಯ ಧ್ವನಿ ನಮಗೆ ಎಷ್ಟು ಜೋರಾಗಿ ಕೇಳುತ್ತದೆ ಎಂಬುದನ್ನು ಮಾತ್ರ. ನಮ್ಮ ಸರದಿ ಯಾವಾಗ ಬರುತ್ತದೆ ಎಂಬುದನ್ನಲ್ಲ. ಎಕ್ಸ್‌ಪ್ರೆಸ್ ಬಸ್ಸು ಸ್ಟಾಪಿಗೆ ಬಂದು ನಿಂತರೂ ಒಳಗೆ ಕಾಲಿಡಲು ಜಾಗವಿಲ್ಲದಂತೆ ಇದು.

ವೈ-ಫೈ ಇಲ್ಲದಿದ್ದರೆ ಮೊಬೈಲ್ ಡೇಟಾ ಇದೆಯಲ್ಲ ಎನ್ನಬಹುದು. ಅದೂ ಹಂಚಿಕೊಳ್ಳುವ ವ್ಯವಸ್ಥೆಯೇ. ಊರಿನ ದೊಡ್ಡ ಜಾತ್ರೆ, ವಾರ್ಷಿಕ ಹಬ್ಬಗಳ ಸಂದರ್ಭದಲ್ಲಿ ಸಾವಿರಾರು ಮಂದಿ ಒಂದೇ ಟವರನ್ನು ಅವಲಂಬಿಸಿದಾಗ ಕರೆ ಹೋಗದಿರುವುದು, ವಾಟ್ಸಾಪ್ ಸಂದೇಶಕ್ಕೆ ಒಂದೇ ಟಿಕ್ ಬೀಳುವುದು ನಮಗೆಲ್ಲ ಗೊತ್ತಿರುವ ಸಂಗತಿ. ಇಂತಹ ಸಮಯದಲ್ಲಿ ಫೋಟೊ, ವಿಡಿಯೊ ಕಳುಹಿಸುವ ಬದಲು ಎರಡು ಪದಗಳ ಎಸ್ಸೆಮ್ಮೆಸ್ ಕಳುಹಿಸಿ ನೋಡಬೇಕು. ಗಾತ್ರ ಚಿಕ್ಕದಾದಷ್ಟೂ ದಾಟಿಹೋಗುವ ಸಾಧ್ಯತೆ ಹೆಚ್ಚು.

ವಿದೇಶಕ್ಕೆ ಹೋದ ಹಿರಿಯರ ವಿಷಯ

ಊರಿನಿಂದ ಅಮೆರಿಕಕ್ಕೆ ಹೋದ ಹಿರಿಯರಲ್ಲಿ ಅನೇಕರು ಅಲ್ಲಿನ ಸಿಮ್ ಪಡೆಯುವುದಿಲ್ಲ. ಮಗನ ಮನೆಯ ವೈ-ಫೈಯಲ್ಲಿ ವಾಟ್ಸಾಪ್ ನಡೆಯುತ್ತದೆ, ಅಷ್ಟು ಸಾಕೆಂಬ ಭಾವನೆ. ಮನೆಯಲ್ಲಿ ಅದು ಸರಿ. ಆದರೆ ಪಾರ್ಕ್‌ನೊಳಗೆ ಆ ಮೊಬೈಲ್ ಸಂಪೂರ್ಣವಾಗಿ ಉಚಿತ ವೈ-ಫೈಯನ್ನೇ ಅವಲಂಬಿಸಿರುತ್ತದೆ. ಅದು ತಪ್ಪಿದ ಕ್ಷಣದಿಂದ ಆ ತಾಯಿಗೆ ಮಗನನ್ನು ಕರೆಯುವ ದಾರಿಯಿಲ್ಲ, ಮಗನಿಗೂ ತಾಯಿ ಎಲ್ಲಿದ್ದಾರೆಂದು ತಿಳಿಯುವ ದಾರಿಯಿಲ್ಲ. ಭಾಷೆಯೂ ಅಷ್ಟಾಗಿ ಬಾರದ ಹಿರಿಯರು ಶೌಚಾಲಯದಿಂದ ಬೇರೆ ಬಾಗಿಲಲ್ಲಿ ಹೊರಬಂದರೆ ಸಾಕು, ಒಂದು ಗಂಟೆಯ ಆತಂಕಕ್ಕೆ ಕಾರಣವಾಗುತ್ತದೆ.

ಆದ್ದರಿಂದ ಇಂತಹ ಪ್ರವಾಸಕ್ಕೆ ಮುಂಚೆ ಹಿರಿಯರಿಗೆ ಒಂದು ಸ್ಥಳೀಯ ಸಿಮ್ ಅಥವಾ ರೋಮಿಂಗ್ ಪ್ಯಾಕ್ ಮಾಡಿಕೊಡುವುದು ಒಳಿತು. ಜೊತೆಗೆ ಮಗ ಅಥವಾ ಮಗಳ ಹೆಸರು, ದೂರವಾಣಿ ಸಂಖ್ಯೆ, ಉಳಿದುಕೊಂಡಿರುವ ಸ್ಥಳ ಇವಿಷ್ಟನ್ನು ಇಂಗ್ಲಿಷ್‌ನಲ್ಲಿ ಬರೆದ ಚಿಕ್ಕ ಕಾಗದವನ್ನು ಅವರ ಕೈಚೀಲದಲ್ಲಿಡಬೇಕು. ಯಾವುದೇ ಸಿಬ್ಬಂದಿಗೆ ಅದನ್ನು ತೋರಿಸಿದರೆ ಅವರು ತಮ್ಮ ಫೋನಿನಿಂದ ಕರೆ ಮಾಡಬಲ್ಲರು.

ಡಿಸ್ನಿಯ ಮ್ಯಾಜಿಕ್‌ಬ್ಯಾಂಡ್‌ನಿಂದಲೂ ಒಂದು ಪಾಠ ಕಲಿಯಬಹುದು. ಪ್ರವೇಶದ್ವಾರದಲ್ಲಿ ಅದನ್ನು ಯಂತ್ರಕ್ಕೆ ತಾಗಿಸಿದಾಗ ಓದಿಕೊಳ್ಳುವ ಒಳಗಿನ ಚಿಪ್‌ಗೆ ಸ್ವಂತ ಬ್ಯಾಟರಿ ಬೇಕಿಲ್ಲ. ಯಂತ್ರದಿಂದ ಬರುವ ತರಂಗವೇ ಅದಕ್ಕೆ ಬೇಕಾದ ಶಕ್ತಿಯನ್ನು ಕೊಡುತ್ತದೆ. ಕೋಟ್ಯಂತರ ಹಣ ಸುರಿದು ಕಟ್ಟಿದ ವ್ಯವಸ್ಥೆಯಲ್ಲೂ ಮುಖ್ಯವಾದ ಕೆಲಸವನ್ನು ಬ್ಯಾಟರಿಯ ಮೇಲೆ ಬಿಟ್ಟಿಲ್ಲ ಎಂಬುದು ಗಮನಾರ್ಹ.

ಬಿಡದಿಗೆ ಹೊರಟ ಬಸ್ಸಿನಲ್ಲಿ

ಇನ್ನು ನಮ್ಮ ರಾಜ್ಯಕ್ಕೆ ಬರೋಣ. ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಸುಮಾರು 28 ಕಿಲೋಮೀಟರ್ ದೂರದ ಬಿಡದಿಯಲ್ಲಿ ವಂಡರ್‌ಲಾ 2005ರಲ್ಲಿ ಆರಂಭವಾಯಿತು. ಕೊಚ್ಚಿಯಲ್ಲಿ 2000ದಲ್ಲಿ ವೀಗಾಲ್ಯಾಂಡ್ ಎಂಬ ಹೆಸರಿನಲ್ಲಿ ಶುರುವಾದ ಪಾರ್ಕ್‌ನ ಸಂಸ್ಥೆಯದೇ ಇದು. ಇಲ್ಲಿ ಆಪ್ ನೋಡುತ್ತಾ ಅಲೆಯುವ ಅಗತ್ಯ ಅಷ್ಟಿಲ್ಲ. ಆದರೆ ತೊಂದರೆ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ದಿನದ ಅರ್ಧ ಭಾಗ ನೀರಿನ ಆಟಗಳಲ್ಲಿ ಕಳೆಯುತ್ತದೆ. ಆ ಹೊತ್ತಿನಲ್ಲಿ ಮೊಬೈಲ್‌ಗಳೆಲ್ಲ ಲಾಕರ್‌ನೊಳಗಿರುತ್ತವೆ. ಬ್ಯಾಟರಿ ತುಂಬಿದ್ದರೂ ಕರೆ ಎತ್ತುವವರಿಲ್ಲ. ಬಸ್ಸಿನಲ್ಲಿ ಬರುವಾಗಲೇ ಹಾಡು, ವಿಡಿಯೊ ಎಂದು ಅರ್ಧ ಚಾರ್ಜ್ ಮುಗಿದಿರುವುದೂ ಉಂಟು.

ಹಾಗಾಗಿ ಐವತ್ತು ಮಕ್ಕಳನ್ನು ಕರೆದುಕೊಂಡು ಹೋಗುವ ಶಿಕ್ಷಕರು, ಮುಂದಾಳುಗಳು "ಏನಾದರೂ ಆದರೆ ಫೋನ್ ಮಾಡಿ" ಎಂದಷ್ಟೇ ಹೇಳಿ ಕಳುಹಿಸುವುದು ಸರಿಯಲ್ಲ. ಮೊಬೈಲ್ ಇಲ್ಲದ ಕಾಲದಲ್ಲಿ ನಮ್ಮ ಹಿರಿಯರು ಜಾತ್ರೆಗೆ ಹೋಗುವಾಗ ಮಾಡುತ್ತಿದ್ದ ಏರ್ಪಾಡೇ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಸೇರುವ ಜಾಗ ಮತ್ತು ಸಮಯ ಮೊದಲೇ ನಿಗದಿಯಾಗಬೇಕು. "ಗೇಟಿನ ಹತ್ತಿರ" ಎಂದರೆ ಸಾಲದು, ಅಲ್ಲಿ ಯಾವಾಗಲೂ ಜನ ಸೇರಿರುತ್ತಾರೆ. ಒಳಗೆ ಹೋದ ಕೂಡಲೇ ಎಲ್ಲರೂ ಒಟ್ಟಿಗೆ ನಡೆದು, ಸುಲಭವಾಗಿ ಗುರುತು ಸಿಗುವ ಒಂದು ಜಾಗವನ್ನು ಕಣ್ಣಾರೆ ನೋಡಬೇಕು. ಎರಡು ಗಂಟೆಗೊಮ್ಮೆ ಅಲ್ಲಿ ಸೇರಿ ತಲೆ ಎಣಿಸಬೇಕು.

ಹಿರಿಯರೊಬ್ಬರು ನೀರಿಗಿಳಿಯದೆ, ಒಣ ಬಟ್ಟೆಯಲ್ಲೇ ಆ ಜಾಗದಲ್ಲಿ ಇರಬೇಕು. ಮಕ್ಕಳ ಹೆಸರಿನ ಪಟ್ಟಿ ಕಾಗದದಲ್ಲಿ ಅವರ ಬಳಿ ಇರಬೇಕು. ಚಿಕ್ಕ ಮಕ್ಕಳ ಮುಂಗೈ ಮೇಲೆ ನೀರಿಗೆ ಅಳಿಯದ ಪೆನ್ನಿನಲ್ಲಿ ಅವರ ಫೋನ್ ಸಂಖ್ಯೆ ಬರೆಯಬಹುದು. ಬೆಳಿಗ್ಗೆ ಹೊರಡುವಾಗ ಅಂದಿನ ಉಡುಪಿನಲ್ಲೇ ಎಲ್ಲ ಮಕ್ಕಳ ಒಂದು ಫೋಟೊ ತೆಗೆದಿಟ್ಟರೆ ಹುಡುಕುವವರಿಗೆ ಸಹಾಯವಾಗುತ್ತದೆ. ದಾರಿ ತಪ್ಪಿದರೆ ಅತ್ತಿತ್ತ ಓಡದೆ ಇದ್ದಲ್ಲೇ ನಿಲ್ಲಬೇಕು, ಸಮವಸ್ತ್ರದ ಸಿಬ್ಬಂದಿಗೆ ಹೇಳಬೇಕು ಎಂಬುದನ್ನು ಮಕ್ಕಳ ಬಾಯಿಂದಲೇ ಎರಡು ಸಲ ಹೇಳಿಸಬೇಕು. ತುರ್ತು ಸಂದರ್ಭದಲ್ಲಿ ಭಾರತದಲ್ಲಿ 112, ಅಮೆರಿಕದಲ್ಲಿ 911. ನಮ್ಮ ಕಂಪನಿಯ ನೆಟ್‌ವರ್ಕ್ ಇಲ್ಲದಿದ್ದರೂ ಅಲ್ಲಿ ಲಭ್ಯವಿರುವ ಬೇರೆ ಕಂಪನಿಯ ನೆಟ್‌ವರ್ಕ್ ಮೂಲಕ ಈ ಕರೆಗಳು ಹೋಗಬಲ್ಲವು.

ಹೊರಡುವ ಮುನ್ನ, ಹೋದ ಬಳಿಕ

ಹಿಂದಿನ ರಾತ್ರಿಯೇ ಮೊಬೈಲನ್ನು ಪೂರ್ತಿ ಚಾರ್ಜ್ ಮಾಡಿ. ಬೇಕಾದ ಆಪ್ ಮತ್ತು ನಕ್ಷೆಯನ್ನು ಮನೆಯ ವೈ-ಫೈಯಲ್ಲೇ ಇಳಿಸಿಕೊಳ್ಳಿ. ಟಿಕೆಟ್‌ನ ಚಿತ್ರವನ್ನು ಫೋಟೊಗಳಲ್ಲಿ ಉಳಿಸಿ, ಇಬ್ಬರ ಮೊಬೈಲ್‌ನಲ್ಲಿ ಇಡಿ. ಸಾಧ್ಯವಾದರೆ ಮುದ್ರಿಸಿದ ಪ್ರತಿಯೂ ಇರಲಿ. ಯುಪಿಐ ಇದೆಯೆಂದು ಬರಿಗೈಯಲ್ಲಿ ಹೋಗಬೇಡಿ, ಊಟಕ್ಕೂ ಹಿಂತಿರುಗುವ ಬಸ್ಸಿಗೂ ಸಾಕಾಗುವಷ್ಟು ನಗದು ಇಟ್ಟುಕೊಳ್ಳಿ.

ಪಾರ್ಕ್‌ನೊಳಗೆ ಬ್ಯಾಟರಿ ಉಳಿತಾಯದ ಸ್ಥಿತಿಯನ್ನು ಬೆಳಿಗ್ಗೆಯೇ ಆನ್ ಮಾಡಿ, ಶೇಕಡಾ 20ಕ್ಕೆ ಇಳಿಯುವವರೆಗೆ ಕಾಯಬೇಡಿ. ಫೋಟೊಗಳು ತಾವಾಗಿಯೇ ಇಂಟರ್‌ನೆಟ್‌ಗೆ ಏರುವುದನ್ನು ಆ ದಿನ ನಿಲ್ಲಿಸಿ. ವೈ-ಫೈ ತೆವಳುತ್ತಿದ್ದರೆ ಅದನ್ನು ಆಫ್ ಮಾಡಿ ಮೊಬೈಲ್ ಡೇಟಾ ಪ್ರಯತ್ನಿಸಿ. ಇಡೀ ಕುಟುಂಬ ಜೊತೆಯಲ್ಲೇ ಇದ್ದು ಸಾಲಿನಲ್ಲಿ ನಿಂತಿರುವಾಗ ಏರೋಪ್ಲೇನ್ ಮೋಡ್‌ನಲ್ಲಿಡಬಹುದು. ನಾಲ್ಕು ಮೊಬೈಲ್‌ಗಳಿದ್ದರೆ ಒಂದನ್ನು ಪೂರ್ತಿ ಚಾರ್ಜ್ ಮಾಡಿ, ಆಫ್ ಮಾಡಿ ಚೀಲದಲ್ಲಿಡಿ. ಸಂಜೆ ಉಳಿದವೆಲ್ಲ ಮುಗಿದಾಗ ಅದೊಂದು ಕೆಲಸಕ್ಕೆ ಬರುತ್ತದೆ.

10,000 ಎಂಎಎಚ್‌ನ ಪವರ್ ಬ್ಯಾಂಕ್‌ನಲ್ಲಿ 37 ವ್ಯಾಟ್ ಗಂಟೆ ಶಕ್ತಿಯಿರುತ್ತದೆ. ಚಾರ್ಜ್ ಮಾಡುವಾಗ ಒಂದಷ್ಟು ನಷ್ಟವಾಗುವುದರಿಂದ ಅದು 5,000 ಎಂಎಎಚ್ ಮೊಬೈಲನ್ನು ಎರಡು ಸಲವಲ್ಲ, ಸುಮಾರು ಒಂದೂವರೆ ಸಲ ತುಂಬಿಸಬಲ್ಲದು. ಕೇಬಲ್ ಮರೆಯಬೇಡಿ. ವಿಮಾನದಲ್ಲಿ ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಒಯ್ಯಬೇಕು, ಲಗೇಜಿನಲ್ಲಿ ಹಾಕುವಂತಿಲ್ಲ. 100 ವ್ಯಾಟ್ ಗಂಟೆಗಿಂತ ಹೆಚ್ಚಿನದಾದರೆ ವಿಮಾನ ಸಂಸ್ಥೆಯ ಅನುಮತಿ ಬೇಕು. ಬಿಸಿಲಿನಲ್ಲಿ ಅಥವಾ ಟವೆಲಿನೊಳಗೆ ಸುತ್ತಿ ಚಾರ್ಜ್ ಮಾಡಬೇಡಿ. ಒದ್ದೆಯಾದ ಮೊಬೈಲ್‌ಗೆ ಕೇಬಲ್ ಸಿಕ್ಕಿಸಬೇಡಿ. ಬಿಸಿಯಾದ ಮೊಬೈಲನ್ನು ಐಸ್ ಪೆಟ್ಟಿಗೆಯಲ್ಲಿಡುವುದೂ ತಪ್ಪು, ಒಳಗೆ ನೀರಿನ ಹನಿ ಕಟ್ಟುತ್ತದೆ. ನೆರಳಿನಲ್ಲಿಟ್ಟರೆ ಸಾಕು.

ಉಚಿತ ವೈ-ಫೈಯ ಬಗ್ಗೆ ಇನ್ನೊಂದು ಎಚ್ಚರಿಕೆ. ಪಾರ್ಕ್‌ನ ಹೆಸರಿನಲ್ಲೇ ಬೇರೆ ಯಾರೋ ನೆಟ್‌ವರ್ಕ್ ತೆರೆದಿಡಲು ಸಾಧ್ಯವಿದೆ. ಫಲಕದಲ್ಲಿ ಬರೆದಿರುವ ಹೆಸರನ್ನೇ ನೋಡಿ ಆರಿಸಿ. ವೈ-ಫೈ ಸಿಗಲು ಎಟಿಎಂ ಕಾರ್ಡ್ ಸಂಖ್ಯೆ, ಪಿನ್ ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ. ಬ್ಯಾಂಕಿನ ವ್ಯವಹಾರ ಮಾಡಬೇಕಾದರೆ ಸ್ವಂತ ಮೊಬೈಲ್ ಡೇಟಾ ಬಳಸಿ.

ಪ್ರಿಯ ಓದುಗರೇ, ಮೊಬೈಲನ್ನು ಮನೆಯಲ್ಲೇ ಬಿಟ್ಟು ಹೋಗಬೇಕೆಂದು ಇಲ್ಲಿ ಹೇಳುತ್ತಿಲ್ಲ. ಅದು ಇದ್ದರೆ ಅನುಕೂಲವೇ. ಆದರೆ ಮಕ್ಕಳ ಮತ್ತು ಹಿರಿಯರ ಸುರಕ್ಷತೆ ಅದೊಂದರ ಮೇಲೆ ನಿಲ್ಲಬಾರದು. ಮುಂದಿನ ಪ್ರವಾಸಕ್ಕೆ ಬಸ್ಸು ಹೊರಡುವ ಮುಂಚೆ ಎಲ್ಲರನ್ನೂ ಕೂರಿಸಿ ಒಂದು ಪ್ರಶ್ನೆ ಕೇಳಿ: "ನಾಲ್ಕು ಗಂಟೆಗೆ ಎಲ್ಲರ ಮೊಬೈಲ್ ಆಫ್ ಆದರೆ ನಾವು ಎಲ್ಲಿ ಸೇರುತ್ತೇವೆ?" ಬಸ್ಸಿನಲ್ಲಿರುವ ಅತಿ ಚಿಕ್ಕ ಮಗುವೂ ಅದಕ್ಕೆ ಉತ್ತರ ಹೇಳಿದ ಮೇಲೆ ಬಸ್ಸು ಹೊರಡಲಿ.